ಹಳೇ ಕಂಪ್ಯೂಟರಿಗೊಂದು ಪ್ರಿಂಟರ್ ಹುಡುಕುತ್ತಾ...

ನನಗೊಂದು ಚಟ ಇದೆ. ರಾತ್ರಿ ನಿದ್ದೆ ಬಾರದಿದ್ದರೆ 1980ರ ದಶಕದ ಕಂಪ್ಯೂಟರ್ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ತೆರೆದು ಜಾಹೀರಾತು ಓದುತ್ತಾ ಕೂರೋದು. ಲೇಖನಗಳಲ್ಲ, ಜಾಹೀರಾತುಗಳು. ಯಾವ ಪದಾರ್ಥ ಎಷ್ಟಕ್ಕೆ ಮಾರಾಟವಾಯ್ತು ಅನ್ನೋದರಲ್ಲಿ ಇರೋ ಇತಿಹಾಸ ಬೇರೆಲ್ಲೂ ಸಿಗಲ್ಲ ಅಂತ ನನ್ನ ನಂಬಿಕೆ. ಆ ಯಂತ್ರಗಳೆಲ್ಲ ನಾನು ಹುಟ್ಟುವ ಹೊತ್ತಿಗೇ ಗುಜರಿ ಸೇರಿದ್ದವು, ಹಾಗಾಗಿ ಇದೆಲ್ಲ ನನಗೆ ಅಜ್ಜನ ಕಾಲದ ಪಂಚಾಂಗ ಓದಿದ ಹಾಗೆ.

ಒಂದು ಲೆಕ್ಕ ನೋಡಿ. 1981ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಝಡ್‌ಎಕ್ಸ್81 ಅನ್ನೋ ಪುಟಾಣಿ ಕಂಪ್ಯೂಟರ್ ತಂತು. ನೀವೇ ಬೆಸುಗೆ ಹಾಕಿ ಜೋಡಿಸಿಕೊಳ್ಳೋದಾದರೆ 49.95 ಪೌಂಡ್, ಜೋಡಿಸಿದ್ದೇ ಬೇಕಾದರೆ 69.95. ಅದೇ ವರ್ಷದ ಕೊನೆಯಲ್ಲಿ ಅದಕ್ಕೊಂದು ಪ್ರಿಂಟರ್ ಬಂತು. ಅದರ ಬೆಲೆಯೂ 49.95! ಅಂದರೆ ಇಡೀ ಕಂಪ್ಯೂಟರ್ ಕಿಟ್ಟಿಗೆ ಎಷ್ಟೋ, ಅದರ ಪ್ರಿಂಟರಿಗೂ ಅಷ್ಟೇ. ಅದೂ ಇದು ಅತೀ ಅಗ್ಗದ ಪ್ರಿಂಟರ್ ಎಂಬ ಖ್ಯಾತಿಯದ್ದು. ಮಿಕ್ಕವರ ಪ್ರಿಂಟರುಗಳ ಬೆಲೆ ಕೇಳಿದರೆ ಕಂಪ್ಯೂಟರೇ ಬೇಡ ಅನ್ನಿಸೋ ಹಾಗಿತ್ತು.

ಕಾರಣ ಸರಳ. ಚಿಪ್ಪುಗಳ ಬೆಲೆ ವರ್ಷವರ್ಷ ಇಳೀತಾ ಹೋಯ್ತು. ಕೊಮೊಡೋರ್ 64 ಅನ್ನೋ ಕಂಪ್ಯೂಟರ್ 1982ರಲ್ಲಿ 595 ಡಾಲರಿಗೆ ಬಂದು 1983ರಲ್ಲೇ ಸುಮಾರು 200 ಡಾಲರಿಗೆ ಇಳಿಯಿತು. ಆದರೆ ಪ್ರಿಂಟರಿನೊಳಗೆ ಇರೋದು ಮೋಟಾರು, ಹಲ್ಲುಚಕ್ರ, ಬೆಲ್ಟು, ಸುತ್ತಿಗೆ. ಇವು ಎರಡು ವರ್ಷಕ್ಕೊಮ್ಮೆ ಅರ್ಧ ಬೆಲೆಗೆ ಇಳಿಯೋ ಜಾತಿಯವಲ್ಲ. ಹಾಗಾಗಿ ಆಗ ಮನೆಗೆ ಕಂಪ್ಯೂಟರ್ ತಂದವರಿಗೆ ನಿಜವಾದ ದೊಡ್ಡ ಖರ್ಚು ಪ್ರಿಂಟರಿನದ್ದು, ತಪ್ಪು ಆರಿಸಿದರೆ ಮನೆಯಲ್ಲಿ ಬೈಗುಳವೂ ಅದಕ್ಕೇ.

ಅಷ್ಟು ದುಡ್ಡು ಕೊಟ್ಟು ಪ್ರಿಂಟರ್ ಯಾಕೆ ಬೇಕಿತ್ತು ಅಂತ ಕೇಳಬಹುದು. ನಮಗೀಗ ಪ್ರಿಂಟರ್ ಅಂದರೆ ಟಿಕೆಟ್ಟೋ ಆಧಾರ್ ಪ್ರತಿಯೋ ತೆಗೆಯೋ ಯಂತ್ರ. ಆಗ ಪರದೆಯ ಮೇಲೆ ಕಾಣ್ತಿದ್ದದ್ದೇ ಇಪ್ಪತ್ತು ಚಿಲ್ಲರೆ ಸಾಲು. ಮುನ್ನೂರು ಸಾಲಿನ ಬೇಸಿಕ್ ಪ್ರೋಗ್ರಾಂನಲ್ಲಿ ತಪ್ಪು ಹುಡುಕಬೇಕಾದರೆ ಅದನ್ನು ಕಾಗದದ ಮೇಲೆ ಇಳಿಸಿ, ನೆಲದ ಮೇಲೆ ಹಾಸಿ, ಪೆನ್ಸಿಲ್ ಹಿಡಿದು ಕೂರಬೇಕಿತ್ತು. ಜೊತೆಗೆ ಪತ್ರ ಬರೆಯೋದು, ಮಕ್ಕಳ ಶಾಲೆಯ ಪ್ರಬಂಧ, ಸಣ್ಣ ಅಂಗಡಿಯ ಬಿಲ್ಲು.

ಸಿಂಕ್ಲೇರ್ ಪ್ರಿಂಟರ್ ಮೊದಲನೇ ಕೆಲಸಕ್ಕೆ ಸಾಕು, ಎರಡನೆಯದಕ್ಕೆ ಪ್ರಯೋಜನ ಇಲ್ಲ. ಅದರಲ್ಲಿ ಶಾಯಿಯೇ ಇರಲಿಲ್ಲ. ಕಪ್ಪು ಕಾಗದದ ಮೇಲೆ ಅಲ್ಯೂಮಿನಿಯಂನ ತೆಳು ಲೇಪ. ಅದರ ಮೇಲೆ ಲೋಹದ ಮೊನೆಯೊಂದು ಓಡುತ್ತಾ, ಚುಕ್ಕೆ ಬೇಕಾದ ಕಡೆ ಕಿಡಿ ಹಾರಿಸಿ ಲೇಪವನ್ನು ಸುಡುತ್ತೆ, ಒಳಗಿನ ಕಪ್ಪು ಕಾಣುತ್ತೆ. ಕಾಗದದ ಅಗಲ 4 ಇಂಚು, ಸಾಲಿಗೆ 32 ಅಕ್ಷರ. ಬೆಳ್ಳಿ ಬಣ್ಣದ ಆ ಸುರುಳಿಯಲ್ಲಿ ಬ್ಯಾಂಕ್ ಮ್ಯಾನೇಜರಿಗೆ ಪತ್ರ ಬರೆದರೆ ಚಾಕಲೇಟಿನ ಸುತ್ತುಕಾಗದ ಕಳಿಸಿದ ಹಾಗಿರುತ್ತಿತ್ತು :)

ಪತ್ರ ಬರೆಯೋರ ಮುಂದೆ ಎರಡು ದಾರಿ ಇದ್ದವು. ಒಂದು ಡೈಸಿ ವ್ಹೀಲ್, ಇನ್ನೊಂದು ಡಾಟ್ ಮ್ಯಾಟ್ರಿಕ್ಸ್.

ಡೈಸಿ ವ್ಹೀಲ್ ಅಂದರೆ ಹೂವಿನ ಎಸಳುಗಳಂತೆ ಸುತ್ತಲೂ ಕಡ್ಡಿಗಳಿರುವ ಚಕ್ರ. ಸಾಮಾನ್ಯವಾಗಿ 96 ಎಸಳು, ಒಂದೊಂದರ ತುದಿಯಲ್ಲಿ ಒಂದೊಂದು ಅಕ್ಷರ. ಬೇಕಾದ ಅಕ್ಷರ ಮೇಲೆ ಬರೋವರೆಗೆ ಚಕ್ರ ತಿರುಗಿ, ಹಿಂದಿನಿಂದ ಸುತ್ತಿಗೆ ಬಡಿಯುತ್ತೆ. ಅಚ್ಚು ಥೇಟ್ ಟೈಪ್‌ರೈಟರಿನಂತೆ. ಆಫೀಸುಗಳಲ್ಲಿ ಹೆಸರಾದ ಡಯಾಬ್ಲೋ 630ಕ್ಕೆ ಎರಡು ಸಾವಿರ ಡಾಲರಿಗೂ ಹೆಚ್ಚು ಬೆಲೆ. ಮನೆಗೆ ಎಟುಕೋ ಅಗ್ಗದವು ಸೆಕೆಂಡಿಗೆ 10-15 ಅಕ್ಷರ ಬಡಿಯುತ್ತಿದ್ದವು. ಒಂದು ಪುಟಕ್ಕೆ ಎರಡೂವರೆ ಸಾವಿರ ಅಕ್ಷರ ಅಂತ ಇಟ್ಟುಕೊಂಡರೆ ಸೆಕೆಂಡಿಗೆ 10ರ ಲೆಕ್ಕದಲ್ಲಿ ನಾಲ್ಕು ನಿಮಿಷ ದಾಟುತ್ತೆ. ಅಷ್ಟೂ ಹೊತ್ತು ಮನೆಯೊಳಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದ ಹಾಗೆ ಸದ್ದು.

ಡಾಟ್ ಮ್ಯಾಟ್ರಿಕ್ಸ್ ನಮಗೆಲ್ಲ ಗೊತ್ತಿರೋದೇ. ಸಾಲಾಗಿ ನಿಂತ ಸೂಜಿಗಳು ರಿಬ್ಬನ್ನಿಗೆ ಕುಟ್ಟಿ ಚುಕ್ಕೆಗಳಿಂದ ಅಕ್ಷರ ಮೂಡಿಸೋದು. ವೇಗ ಹೆಚ್ಚು, ಬೆಲೆ ಕಡಿಮೆ, ಚಿತ್ರವನ್ನೂ ಬಿಡಿಸಬಹುದು. ಆದರೆ ಅಮೆರಿಕದಲ್ಲಿ ಎಷ್ಟೋ ಅಧ್ಯಾಪಕರು, ಸಂಪಾದಕರು ಚುಕ್ಕೆ ಅಕ್ಷರದ ಪ್ರತಿಗಳನ್ನು ಸ್ವೀಕರಿಸುತ್ತಲೇ ಇರಲಿಲ್ಲ. ಕಣ್ಣಿಗೆ ಶ್ರಮ ಅಂತ ಹಾಗೇ ಹಿಂದಕ್ಕೆ ಕೊಡೋರು. ಜಾಹೀರಾತುಗಳಲ್ಲಿ 'ಲೆಟರ್ ಕ್ವಾಲಿಟಿ' ಅನ್ನೋ ಪದ ಮಂತ್ರದಂತೆ ಮತ್ತೆ ಮತ್ತೆ ಬರೋದು ಅದಕ್ಕೇ. ಆ ಎರಡು ಪದಕ್ಕೆ ಹೆದರಿ ಎಷ್ಟು ಜನ ಡೈಸಿ ವ್ಹೀಲ್ ತಗೊಂಡು ಆಮೇಲೆ ಒಂದು ಗ್ರಾಫ್ ಕೂಡ ಅಚ್ಚು ಹಾಕಲಾಗದೆ ಕೂತಿರಬೇಕು!

ಈ ಹೆದರಿಕೆಯ ಮೇಲೇ ಕಟ್ಟಿದ ಕಂಪ್ಯೂಟರ್ ಒಂದಿತ್ತು. 1983ರಲ್ಲಿ ಬಂದ ಕೊಲೆಕೊ ಆಡಂ. ಕಂಪ್ಯೂಟರ್ ಜೊತೆಗೇ ಡೈಸಿ ವ್ಹೀಲ್ ಪ್ರಿಂಟರ್ ಸೇರಿಸಿ ಮಾರಿದರು. ಒಳ್ಳೆ ಯೋಚನೆಯೇ. ಆದರೆ ಖರ್ಚು ಉಳಿಸೋಕೆ ಇಡೀ ವ್ಯವಸ್ಥೆಯ ಪವರ್ ಸಪ್ಲೈಯನ್ನು ಪ್ರಿಂಟರಿನ ಒಳಗೆ ಇಟ್ಟರು. ಪ್ರಿಂಟರ್ ಕೆಟ್ಟರೆ ಕಂಪ್ಯೂಟರೂ ಆನ್ ಆಗಲ್ಲ! ಮನೆಯ ಮೇನ್ ಸ್ವಿಚ್ಚನ್ನು ಮಿಕ್ಸಿಯೊಳಗೆ ಇಟ್ಟ ಹಾಗೆ. 1985ಕ್ಕೆ ಅಂಗಡಿ ಮುಚ್ಚಿತು.

ಈಗ ನಾನು ಹೇಳಬೇಕೆಂದಿರೋ ಮುಖ್ಯ ವಿಷಯ. ಆಗಿನ ಪತ್ರಿಕೆಗಳ ಹೋಲಿಕೆ ಪಟ್ಟಿಗಳಲ್ಲೆಲ್ಲ ವೇಗ, ಅಚ್ಚಿನ ಅಂದ, ಬೆಲೆ ಇವೇ ಮೊದಲ ಕಾಲಂಗಳು. ಆದರೆ ಪ್ರಿಂಟರ್ ಮನೆಗೆ ಬಂದ ಮೇಲೆ ಕಾಡ್ತಾ ಇದ್ದದ್ದು ಇವಲ್ಲ. ಕೇಬಲ್ ಕೂರುತ್ತಾ? ಕೂತರೂ ಕಂಪ್ಯೂಟರ್ ಕಳಿಸೋ ಸಂಕೇತ ಪ್ರಿಂಟರಿಗೆ ಅರ್ಥ ಆಗುತ್ತಾ? ಈ ಎರಡೇ. ಎಪ್ಸನ್ ಗೆದ್ದಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಎಪ್ಸನ್ ಕತೆ ಚೆನ್ನಾಗಿದೆ. ಸೇಕೋ ಗಡಿಯಾರದ ಬಳಗದವರು 1964ರ ಟೋಕಿಯೋ ಒಲಿಂಪಿಕ್ಸಿಗೆ ಸಮಯ ಅಳೆದು ಅಚ್ಚು ಹಾಕೋ ಯಂತ್ರ ಮಾಡಿದ್ದರು. ಅದರ ಅನುಭವದಿಂದ 1968ರಲ್ಲಿ ಇಪಿ-101 ಎಂಬ ಪುಟ್ಟ ಪ್ರಿಂಟರ್ ಬಂತು. ಅದರ ಸಂತಾನ, ಅಂದರೆ 'ಇಪಿಯ ಸನ್' ಅನ್ನೋ ಅರ್ಥದಲ್ಲಿ 1975ರಲ್ಲಿ ಎಪ್ಸನ್ ಅಂತ ಹೆಸರಾಯ್ತು. 1980ರಲ್ಲಿ ಬಂದದ್ದು ಎಂಎಕ್ಸ್-80. 9 ಸೂಜಿ, ಸೆಕೆಂಡಿಗೆ 80 ಅಕ್ಷರ, ಸಾಲಿಗೆ 80 ಅಕ್ಷರ. ಹೆಡ್ ಸವೆದರೆ ಬಳಕೆದಾರನೇ ಬಿಚ್ಚಿ ಹೊಸದು ಹಾಕಬಹುದಿತ್ತು. 1981ರಲ್ಲಿ ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡಿದಾಗ ಜೊತೆಗೆ ಮಾರಿದ್ದೂ ಐಬಿಎಂ ಹೆಸರು ಅಂಟಿಸಿದ ಇದೇ ಎಂಎಕ್ಸ್-80.

ಅದಾದ ಮೇಲೆ ತಂತ್ರಾಂಶ ಬರೆಯೋರೆಲ್ಲ ಎಪ್ಸನ್ ಭಾಷೆಯಲ್ಲೇ ಮಾತಾಡತೊಡಗಿದರು. ಆ ಭಾಷೆ ಬಹಳ ಸರಳ. ಮೊದಲು 27 ಅನ್ನೋ ಸಂಖ್ಯೆ ಕಳಿಸಿ. ಅದಕ್ಕೆ ಎಸ್ಕೇಪ್ ಅಂತ ಹೆಸರು, "ಮುಂದೆ ಬರೋದು ಅಕ್ಷರ ಅಲ್ಲ, ಆಜ್ಞೆ" ಅಂತ ಅರ್ಥ. ಆಮೇಲೆ 69 ಕಳಿಸಿದರೆ ದಪ್ಪಕ್ಷರ. 75 ಕಳಿಸಿ, ಎಷ್ಟು ಕಂಬ ಅಂತ ಹೇಳಿದರೆ ಮುಂದಿನ ಒಂದೊಂದು ಬೈಟೂ ಎಂಟು ಸೂಜಿಗಳಲ್ಲಿ ಯಾವುದು ಕುಟ್ಟಬೇಕು ಅನ್ನೋ ಚಿತ್ರವಾಗುತ್ತೆ. 1983ರ ಎಫ್ಎಕ್ಸ್-80 ಬರೋ ಹೊತ್ತಿಗೆ ಸ್ಟಾರ್‌ನಂಥ ಪ್ರತಿಸ್ಪರ್ಧಿಗಳೂ "ನಾವೂ ಎಪ್ಸನ್ ಭಾಷೆ ಬಲ್ಲೆವು" ಅಂತಲೇ ಜಾಹೀರಾತು ಕೊಡಬೇಕಾಯ್ತು.

ಕೊಮೊಡೋರ್ ಮಾತ್ರ ತನ್ನದೇ ದಾರಿ ಹಿಡಿಯಿತು. ಬೇರೆಯವರ ಪ್ರಿಂಟರುಗಳಲ್ಲಿ ಸೆಂಟ್ರಾನಿಕ್ಸ್ ಎಂಬ 36 ಪಿನ್ನಿನ ಅಗಲ ಪ್ಲಗ್ಗು. ಕೊಮೊಡೋರ್‌ದ್ದು 6 ಪಿನ್ನಿನ ಗುಂಡನೆಯ ಪ್ಲಗ್ಗು, ಡಿಸ್ಕ್ ಡ್ರೈವ್ ಬೆನ್ನಿಗೇ ಪ್ರಿಂಟರ್ ಸಿಕ್ಕಿಸೋ ಸರಣಿ ವ್ಯವಸ್ಥೆ. ಪ್ರಿಂಟರಿಗೆ 4 ಅಂತ ನಂಬರು, ಡ್ರೈವಿಗೆ 8. ಅಗ್ಗ, ಜೋಡಿಸೋದು ಸುಲಭ, ಅದನ್ನು ಒಪ್ಪಬೇಕು. ಆದರೆ ಕೊಮೊಡೋರ್ ಮಾರಿದ 1525 ಪ್ರಿಂಟರ್ ಸೆಕೆಂಡಿಗೆ 30 ಅಕ್ಷರದ ಆಮೆ. ಅಕ್ಷರದ ಎತ್ತರ 7 ಚುಕ್ಕೆ ಅಷ್ಟೆ. ಇಂಗ್ಲಿಷಿನ ಜಿ, ಪಿ, ವೈಗಳ ಬಾಲ ಸಾಲಿನ ಕೆಳಗೆ ಇಳಿಯೋಕೆ ಜಾಗವಿಲ್ಲದೆ ಮೇಲಕ್ಕೇ ಮಡಚಿಕೊಂಡಿರುತ್ತಿದ್ದವು. ಮೇಷ್ಟ್ರು ವಾಪಸ್ ಕೊಡುತ್ತಿದ್ದ ಪ್ರಬಂಧ ಎಂಥದು ಅಂತ ಇದರ ಮಾದರಿ ನೋಡಿದ ಮೇಲೆ ನನಗೆ ಅರ್ಥ ಆಯ್ತು.

ಸರಿ, ಎಪ್ಸನ್ನೇ ತಂದು ಮಧ್ಯೆ ಪ್ಲಗ್ ಬದಲಿಸೋ ಡಬ್ಬಿ ಹಾಕೋಣ ಅಂದರೆ? ಅಲ್ಲಿ ಸಂಕೇತದ ತೊಡಕು. ಕೊಮೊಡೋರ್ ಬಳಸುತ್ತಿದ್ದದ್ದು ಎಲ್ಲರ ಆಸ್ಕಿ ಅಲ್ಲ, ತನ್ನದೇ ಪೆಟ್‌ಸ್ಕಿ. ಆಸ್ಕಿಯಲ್ಲಿ 65 ಅಂದರೆ ಕ್ಯಾಪಿಟಲ್ ಎ. ಕೊಮೊಡೋರ್‌ನ ಪತ್ರ ಬರೆಯೋ ಕ್ರಮದಲ್ಲಿ 65 ಅಂದರೆ ಸ್ಮಾಲ್ ಎ, ಕ್ಯಾಪಿಟಲ್ ಎಗೆ 193. ಹೀಗಾಗಿ ಬರೀ ತಂತಿ ಜೋಡಿಸಿ ಎಫ್ಎಕ್ಸ್-80ಗೆ ಕಳಿಸಿದರೆ ಸ್ಮಾಲ್ ಅಕ್ಷರಗಳೆಲ್ಲ ಕ್ಯಾಪಿಟಲ್ ಆಗಿ ಬರುತ್ತವೆ. ಕ್ಯಾಪಿಟಲ್ ಅಕ್ಷರಗಳು ಓರೆಯಾಗಿ ಬರುತ್ತವೆ, ಯಾಕೆಂದರೆ ಎಪ್ಸನ್ 128ರ ಆಚೆಗಿನ ಜಾಗದಲ್ಲಿ ಇಟಾಲಿಕ್ಸ್ ಇಟ್ಟಿತ್ತು! ಚಿತ್ರದ ಕತೆ ಇನ್ನೂ ಮಜಾ. ಎಪ್ಸನ್‌ನಲ್ಲಿ ಮೇಲ್ತುದಿಯ ಸೂಜಿಯ ಬೆಲೆ 128, ಕೊಮೊಡೋರ್‌ನಲ್ಲಿ ಮೇಲ್ತುದಿಯ ಚುಕ್ಕೆಯ ಬೆಲೆ 1. ಒಂದರ ಚಿತ್ರ ಇನ್ನೊಂದಕ್ಕೆ ತಲೆಕೆಳಗು.

ಇದನ್ನು ಓದುವಾಗ ನಿಮಗೆ ಏನು ನೆನಪಾಯ್ತು? ನನಗಂತೂ ನುಡಿ ಮತ್ತು ಬರಹ. ನುಡಿಯಲ್ಲಿ ಟೈಪಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣೋ ವಿಚಿತ್ರ ರೋಮನ್ ಅಕ್ಷರಗಳ ಜಾತ್ರೆ... ಅದೇ ಕಾಯಿಲೆ. ಬರೆದವನ ಯಂತ್ರದಲ್ಲಿ ಆ ಸಂಖ್ಯೆಗೆ ಒಂದು ಅರ್ಥ, ಓದುವವನ ಯಂತ್ರದಲ್ಲಿ ಇನ್ನೊಂದು. ಯುನಿಕೋಡ್‌ಗೆ ಬಂದ ಕನ್ನಡ ಬ್ಲಾಗಿಗರಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ. ಕೊಮೊಡೋರ್ ಬಳಕೆದಾರರು ಇದಕ್ಕೆ ಕಂಡುಕೊಂಡ ಪರಿವರ್ತಕವೇ ಆ ಮಧ್ಯದ ಡಬ್ಬಿ. ಕಾರ್ಡ್ಕೋ, ಝೆಟೆಕ್ ಮುಂತಾದ ಕಂಪನಿಗಳು ಇಂಥವನ್ನು ಮಾರುತ್ತಿದ್ದವು. ಒಳ್ಳೆ ಡಬ್ಬಿ ಒಂದು ಕಡೆ 1525ನಂತೆ ನಟಿಸಿ, ಇನ್ನೊಂದು ಕಡೆ ಎಪ್ಸನ್ ಭಾಷೆ ಮಾತಾಡುತ್ತಿತ್ತು.

ಬಿಬಿಸಿ ಮೈಕ್ರೋ ಇದಕ್ಕೆ ಪೂರ್ತಿ ವಿರುದ್ಧ. 1981ರ ಕೊನೆಗೆ ಬಂದ ಈ ಬ್ರಿಟಿಷ್ ಕಂಪ್ಯೂಟರಿನ ಹೊಟ್ಟೆಯ ಕೆಳಗೇ ಪ್ರಿಂಟರ್ ಪೋರ್ಟ್ ಇತ್ತು, ಕೇಬಲ್ ಹಾಕಿದರೆ ಮುಗೀತು. (1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ.) ಆದರೂ ಮೊದಲ ಸಲ ಅಚ್ಚು ಹಾಕಿದವರಲ್ಲಿ ಅನೇಕರಿಗೆ ಎಲ್ಲಾ ಸಾಲುಗಳೂ ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿ ಬರುತ್ತಿತ್ತು. ಹೆಡ್ ಎಡಕ್ಕೆ ಬರೋದು ಬೇರೆ ಆಜ್ಞೆ, ಕಾಗದ ಒಂದು ಸಾಲು ಮೇಲೇರೋದು ಬೇರೆ ಆಜ್ಞೆ. ಎರಡನೆಯದನ್ನು ಪ್ರಿಂಟರೇ ನೋಡಿಕೊಳ್ಳುತ್ತೆ ಅಂದುಕೊಂಡು ಬಿಬಿಸಿ ಅದನ್ನು ಕಳಿಸುತ್ತಲೇ ಇರಲಿಲ್ಲ. ಪ್ರಿಂಟರೋ, ಕಂಪ್ಯೂಟರ್ ಕಳಿಸುತ್ತೆ ಅಂತ ಕಾಯ್ತಾ ಕೂತಿರುತ್ತಿತ್ತು. 'ಎಫ್ಎಕ್ಸ್ 6,0' ಅಂತ ಒಂದು ಆಜ್ಞೆ ಕೊಟ್ಟರೆ ಅಥವಾ ಪ್ರಿಂಟರಿನೊಳಗಿನ ಒಂದು ಪುಟ್ಟ ಸ್ವಿಚ್ ತಿರುಗಿಸಿದರೆ ಸರಿ. ಎರಡೂ ಮಾಡಿದರೆ ಒಂದೊಂದು ಸಾಲು ಬಿಟ್ಟು ಬರುತ್ತೆ.

ಆಮ್‌ಸ್ಟ್ರಾಡ್ ಸಿಪಿಸಿ (1984) ಮೇಲೆ ಮಾತ್ರ ನನಗೆ ಇಂಜಿನಿಯರ್ ಆಗಿ ಸಿಟ್ಟಿದೆ. ಪ್ರಿಂಟರ್ ಪೋರ್ಟ್ ಕೊಟ್ಟರು, ಆದರೆ 8 ಬಿಟ್ ಬದಲು 7 ಬಿಟ್! ಎಂಟನೇ ತಂತಿ ಸುಮ್ಮನೆ ಗ್ರೌಂಡಿಗೆ. ಅಕ್ಷರಕ್ಕೆ ತೊಂದರೆ ಇಲ್ಲ, ಚಿತ್ರಕ್ಕೆ ಮಾತ್ರ ಮೇಲ್ತುದಿಯ ಸೂಜಿ ಸತ್ತಂತೆ. ಅದೇ ಕಂಪನಿ ಮರುವರ್ಷ ಮಾಡಿದ ಪಿಸಿಡಬ್ಲ್ಯು 8256 ಮಾತ್ರ ಜಾಣತನದ ಕೆಲಸ. ಕಂಪ್ಯೂಟರ್, ಪರದೆ, ಪ್ರಿಂಟರ್, ಪತ್ರ ಬರೆಯೋ ತಂತ್ರಾಂಶ ಎಲ್ಲ ಸೇರಿ ತೆರಿಗೆ ಬಿಟ್ಟು 399 ಪೌಂಡ್. ಪ್ರಿಂಟರನ್ನು ನಡೆಸೋ ಬುದ್ಧಿಯನ್ನೆಲ್ಲ ಕಂಪ್ಯೂಟರಿನೊಳಗೇ ಇಟ್ಟು, ಪ್ರಿಂಟರಿನಲ್ಲಿ ಬರೀ ಯಂತ್ರಭಾಗ ಉಳಿಸಿದ್ದರಿಂದ ಆ ಬೆಲೆ ಸಾಧ್ಯವಾಯ್ತು. ಆ ಪ್ರಿಂಟರ್ ಬೇರೆ ಯಾವ ಕಂಪ್ಯೂಟರಿಗೂ ಉಪಯೋಗವಿಲ್ಲ. ಆದರೆ ಕೊಂಡವನಿಗೆ ಆರಿಸೋ ತಲೆಬಿಸಿಯೇ ಇಲ್ಲ, ಕೇಬಲ್, ಸ್ವಿಚ್, ಸಂಕೇತ ಯಾವುದನ್ನೂ ಯೋಚಿಸಬೇಕಿಲ್ಲ.

ಅಟಾರಿ ಬಗ್ಗೆ ಒಂದೇ ಮಾತು: 1027 ಅನ್ನೋ ಅದರ ಲೆಟರ್ ಕ್ವಾಲಿಟಿ ಪ್ರಿಂಟರಿನ ಅಕ್ಷರಗಳು ರಬ್ಬರಿನವು. ಇಂದು ಆ ರಬ್ಬರ್ ಹಳೇ ಚಪ್ಪಲಿಯಂತೆ ಪುಡಿಯಾಗುತ್ತೆ. ಸಂಗ್ರಹಕ್ಕೆ ಸರಿ, ಅಚ್ಚಿಗೆ ಅಲ್ಲ.

ಡೈಸಿ ವ್ಹೀಲ್ ಸೋತು ಡಾಟ್ ಮ್ಯಾಟ್ರಿಕ್ಸ್ ಗೆದ್ದದ್ದು ಕನ್ನಡಕ್ಕೆ ಎಷ್ಟು ಒಳ್ಳೇದಾಯ್ತು ಅಂತ ಯೋಚಿಸಿದ್ದೀರಾ? 96 ಎಸಳುಗಳ ಚಕ್ರದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಎಲ್ಲಿಗೆ ಸಾಲಬೇಕು? ಚುಕ್ಕೆಗಳಾದರೆ ಸೂಜಿಗೆ ಭಾಷೆಯ ಹಂಗಿಲ್ಲ. ನಾನೊಮ್ಮೆ ಚೌಕುಳಿ ಹಾಳೆಯ ಮೇಲೆ 'ಲಕ್ಷ್ಮಿ' ಬರೆದು ಲೆಕ್ಕ ಹಾಕಿದೆ. ಎಂಟು ಸೂಜಿಯ ಒಂದು ಓಟದಲ್ಲಿ ಅದು ಹಿಡಿಸಲ್ಲ. ಮೇಲಿನ ಗುಡಿಸು, ನಡುವೆ ಕ, ಕೆಳಗೆ ಷ ಮತ್ತು ಮ ಒತ್ತು. ಓದೋ ಹಾಗೆ ಬರಬೇಕಾದರೆ ಮೂರು ಓಟ, 24 ಚುಕ್ಕೆ. ಸೂಜಿಗಳ ಅಂತರ ಇಂಚಿನ 72ನೇ ಒಂದು ಭಾಗ, ಅಂದರೆ ಮುಕ್ಕಾಲು ಪಾಲು ಸೆಂಟಿಮೀಟರ್‌ಗೂ ಮೀರಿದ ಸಾಲು. ಇಂಗ್ಲಿಷ್ ಸಾಲಿನ ಮೂರರಷ್ಟು ಹೊತ್ತು, ಎರಡರಷ್ಟು ಎತ್ತರ. ಆದರೆ ಆಗುತ್ತೆ! ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಭಾರತೀಯ ಭಾಷೆಗಳನ್ನು ಪಿಸಿಗೆ ತಂದಾಗ ಅಚ್ಚಿನ ಕಡೆ ನೆಚ್ಚಿಕೊಂಡದ್ದೂ ಪ್ರಿಂಟರಿನ ಈ ಚಿತ್ರ ಬಿಡಿಸೋ ಗುಣವನ್ನೇ.

ಇನ್ನು, ಈಗ ಯಾರಾದರೂ ಹಳೇ ಕಂಪ್ಯೂಟರ್ ಇಟ್ಟುಕೊಂಡು ಪ್ರಿಂಟರ್ ಹುಡುಕುತ್ತಿದ್ದರೆ? ಅಮೆರಿಕ, ಯುರೋಪಿನ ಹವ್ಯಾಸಿಗಳು ಗುಜರಿಯಲ್ಲಿ ಹುಡುಕುತ್ತಾರೆ. ಅವರ ಮೊದಲ ಸಮಸ್ಯೆ ರಿಬ್ಬನ್. ಆ ಲೆಕ್ಕದಲ್ಲಿ ಸ್ಟಾರ್ ಜೆಮಿನಿ-10ಎಕ್ಸ್ ಒಳ್ಳೇದು, ಅದಕ್ಕೆ ಸಾಮಾನ್ಯ ಟೈಪ್‌ರೈಟರಿನ ಸುರುಳಿ ರಿಬ್ಬನ್ ಸಾಕು. ಒಣಗಿದ ರಿಬ್ಬನ್ನಿಗೆ ಸ್ಟಾಂಪ್ ಪ್ಯಾಡ್ ಶಾಯಿ ಮಾತ್ರ ಹಾಕಬೇಡಿ. ಡಾಟ್ ಮ್ಯಾಟ್ರಿಕ್ಸ್ ಶಾಯಿಯಲ್ಲಿ ಎಣ್ಣೆ ಅಂಶ ಇರುತ್ತೆ, ಸೂಜಿಗಳು ಸಲೀಸಾಗಿ ಓಡಾಡೋದು ಅದರಿಂದ. ಅಮೆರಿಕದಿಂದ ತರಿಸಿದ ಪ್ರಿಂಟರ್ ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಹಾಕಿದರೆ ಹೊಗೆ ಬರುತ್ತೆ, ಅಚ್ಚು ಬರಲ್ಲ.

ಆದರೆ ನಾವು ಅದೃಷ್ಟವಂತರು. ನಮ್ಮಲ್ಲಿ ಡಾಟ್ ಮ್ಯಾಟ್ರಿಕ್ಸ್ ಸತ್ತೇ ಇಲ್ಲ. ಕಾರ್ಬನ್ ಪ್ರತಿ ಬೇಕಾದ ಕಡೆ ಲೇಸರ್ ಪ್ರಿಂಟರ್ ಕೈಲಾಗದು, ಕಾಗದವನ್ನು ಕುಟ್ಟೋ ಯಂತ್ರವೇ ಬೇಕು. ನಮ್ಮ ತುಮಕೂರಿನಲ್ಲೇ ಟಿವಿಎಸ್ ಎಲೆಕ್ಟ್ರಾನಿಕ್ಸ್‌ನವರು ಇವನ್ನು ತಯಾರಿಸುತ್ತಿದ್ದರು. ಎಪ್ಸನ್ ಎಲ್ಎಕ್ಸ್-310 ಹೊಸದೇ ಸಿಗುತ್ತೆ. 9 ಸೂಜಿ, ಬೆನ್ನಿಗೆ ಯುಎಸ್‌ಬಿ ಜೊತೆ ಅದೇ ಹಳೇ 36 ಪಿನ್ನಿನ ಪೋರ್ಟು, ಒಳಗೆ ಅದೇ 27ರಿಂದ ಶುರುವಾಗೋ ಭಾಷೆ. ರಿಬ್ಬನ್ನಿಗೂ ಪರದಾಟವಿಲ್ಲ. ಬಿಬಿಸಿ ಮೈಕ್ರೋಗೆ ನೇರ ಕೇಬಲ್ ಸಾಕು. ಆಪಲ್ 2 ಆದರೆ ಗ್ರಾಪ್ಲರ್‌ನಂಥ ಕಾರ್ಡ್ ಬೇಕು. ಸ್ಪೆಕ್ಟ್ರಂಗೆ ಹಿಂದೆ ಸಿಕ್ಕಿಸೋ ಇಂಟರ್‌ಫೇಸ್ ಬೇಕು. ಕೊಮೊಡೋರ್‌ಗೆ ಆ ಮಧ್ಯದ ಡಬ್ಬಿಯೇ ಗತಿ.

24 ಸೂಜಿಯದ್ದು ಇನ್ನೂ ಅಂದವಲ್ಲವಾ ಅಂತ ಅಂಗಡಿಯವರು ಹೇಳಬಹುದು. ಅಕ್ಷರ ಅಂದವೇ. ಆದರೆ ಹಳೇ ತಂತ್ರಾಂಶ ಕಳಿಸೋ 8 ಸೂಜಿಯ ಚಿತ್ರವನ್ನು ಅದು ಇಂಚಿಗೆ 72ರ ಬದಲು 60 ಚುಕ್ಕೆಯಂತೆ ಬಿಡಿಸುತ್ತೆ, ಚಿತ್ರ ಐದನೇ ಒಂದು ಪಾಲು ಉದ್ದ ಹಿಗ್ಗುತ್ತೆ. ವೃತ್ತ ಬಿಡಿಸಿದರೆ ಮೊಟ್ಟೆ ಬರುತ್ತೆ. ಹಾಗಾಗಿ 9 ಸೂಜಿಯದ್ದನ್ನೇ ಕೇಳಿ ತಗೊಳ್ಳಿ.